ಮುಟ್ಟಿನ ತೀವ್ರ ನೋವು ಮತ್ತು ಎಂಡೊಮೆಟ್ರಿಯೋಸಿಸ್: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಒಂಬತ್ತು ವಿಷಯಗಳಲ್ಲಿ ‘ಆರೋಗ್ಯವಂತ ಗ್ರಾಮ’ ಮತ್ತು ‘ಮಹಿಳಾ ಸ್ನೇಹಿ ಗ್ರಾಮ’ ಎಂಬ ಎರಡು ವಿಷಯಗಳು ಸೇರಿವೆ. ಇವುಗಳ ಅಡಿಯಲ್ಲಿ ಯೋಜನೆ ಸಿದ್ಧಪಡಿಸುವಾಗ ಹೆರಿಗೆ, ಲಸಿಕೆ, ರಕ್ತಹೀನತೆ ಮುಂತಾದವು ಚರ್ಚೆಗೆ ಬರುತ್ತವೆ. ಪ್ರತಿ ತಿಂಗಳು ಹೆಣ್ಣುಮಕ್ಕಳನ್ನು ಹಾಸಿಗೆ ಹಿಡಿಸುವ ಮುಟ್ಟಿನ ನೋವು ಚರ್ಚೆಗೆ ಬರುವುದು ಅಪರೂಪ. ಈ ನೋವಿನ ಹಿಂದೆ ಎಂಡೊಮೆಟ್ರಿಯೋಸಿಸ್ ಎಂಬ ರೋಗವಿರಬಹುದು. ಬೇಗ ಗುರುತಿಸಿದರೆ ಅನೇಕರಲ್ಲಿ ಔಷಧಿಯಿಂದಲೇ ಇದನ್ನು ಹತೋಟಿಯಲ್ಲಿಡಬಹುದು. ಗುರುತಿಸದಿದ್ದರೆ ಓದು, ಕೂಲಿ, ಸಂತಾನಭಾಗ್ಯ ಎಲ್ಲದಕ್ಕೂ ಪೆಟ್ಟು ಬೀಳುತ್ತದೆ. ಕೊನೆಗೆ ಅನಗತ್ಯವಾಗಿ ಗರ್ಭಕೋಶವನ್ನೇ ಕಳೆದುಕೊಳ್ಳುವ ಸಂದರ್ಭವೂ ಬರಬಹುದು. ಇದನ್ನು ಸದಸ್ಯರ ಗಮನಕ್ಕೆ ತರುವುದು ಈ ಪಾಠದ ಉದ್ದೇಶವಾಗಿದೆ.

1. ರೋಗದ ಸ್ವರೂಪ

ಗರ್ಭಕೋಶದ ಒಳಗೋಡೆಯ ಮೇಲೆ ಪ್ರತಿ ತಿಂಗಳು ಒಂದು ಪದರ ಬೆಳೆಯುತ್ತದೆ. ಗರ್ಭ ನಿಲ್ಲದಿದ್ದಾಗ ಅದು ಕಳಚಿ ಮುಟ್ಟಿನ ರೂಪದಲ್ಲಿ ಹೊರಬರುತ್ತದೆ. ಈ ಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯ, ಅಂಡನಾಳ, ಮೂತ್ರಕೋಶ, ಕರುಳು ಅಥವಾ ಕಿಬ್ಬೊಟ್ಟೆಯ ಒಳಪೊರೆಯ ಮೇಲೆ ಬೆಳೆಯುವುದನ್ನು ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ಹೊರಗಿರುವ ಈ ಅಂಗಾಂಶದಲ್ಲಿಯೂ ರಕ್ತ ಒಸರಬಹುದು. ಆದರೆ ಅದಕ್ಕೆ ಹೊರಹೋಗಲು ದಾರಿಯಿರುವುದಿಲ್ಲ. ಇದರಿಂದ ಉರಿಯೂತ ಉಂಟಾಗಿ, ಗಾಯದ ಕಲೆ ಬೆಳೆದು, ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳಬಹುದು.

ಮುಟ್ಟಿನಲ್ಲಿ ತಡೆಯಲಾಗದ ಹೊಟ್ಟೆನೋವು, ಮುಟ್ಟಿಲ್ಲದ ದಿನಗಳಲ್ಲಿಯೂ ಕಿಬ್ಬೊಟ್ಟೆ ನೋವು, ಲೈಂಗಿಕ ಸಂಪರ್ಕದ ವೇಳೆ ನೋವು, ಮುಟ್ಟಿನ ಸಮಯದಲ್ಲಿ ಮಲಮೂತ್ರ ವಿಸರ್ಜನೆಗೆ ತೊಂದರೆ, ವಿಪರೀತ ಸುಸ್ತು, ಗರ್ಭ ನಿಲ್ಲದಿರುವುದು ಇದರ ಮುಖ್ಯ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸಂತಾನೋತ್ಪತ್ತಿ ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು 10 ಮಂದಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಮಹಿಳೆಯರಿಗೆ ಈ ರೋಗವಿದೆ. ಇದು ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ. ಶುಚಿತ್ವದ ಕೊರತೆಯಿಂದಾಗಲಿ ನಡತೆಯಿಂದಾಗಲಿ ಬರುವುದೂ ಅಲ್ಲ.

ಇದರೊಂದಿಗೆ ಗೊಂದಲ ಉಂಟುಮಾಡುವ ಬೇರೆ ತೊಂದರೆಗಳೂ ಇವೆ. ಇದೇ ಬಗೆಯ ಅಂಗಾಂಶವು ಗರ್ಭಕೋಶದ ಗೋಡೆಯೊಳಗೇ ಸೇರಿಕೊಂಡರೆ ಅದು ಅಡಿನೊಮಯೋಸಿಸ್. ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಡ್ಡೆ ಫೈಬ್ರಾಯ್ಡ್. ಇವೆರಡರಲ್ಲಿ ಅತಿಯಾದ ರಕ್ತಸ್ರಾವವಾಗಿ ರಕ್ತಹೀನತೆ ಬರಬಹುದು. ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆಯಾದ್ದರಿಂದ ತೊಂದರೆ ಯಾವುದೆಂದು ಮೊದಲು ಗುರುತಿಸುವುದು ಅಗತ್ಯ.

2. ಗುರುತಿಸಲು ವಿಳಂಬವೇಕೆ?

ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೋಗ ಗುರುತಿಸಲು 4ರಿಂದ 11 ವರ್ಷಗಳವರೆಗೆ ವಿಳಂಬವಾಗುವುದೆಂದು ವಿವಿಧ ದೇಶಗಳ ಅಧ್ಯಯನಗಳು ತೋರಿಸಿವೆ. ಇದಕ್ಕೆ ಮೊದಲ ಕಾರಣ ಮನೆಯಲ್ಲಿಯೇ ಇದೆ. ‘ಹೆಣ್ಣಾದ ಮೇಲೆ ಸಹಿಸಿಕೊಳ್ಳಬೇಕು’, ‘ಮದುವೆಯಾದರೆ ಸರಿಹೋಗುತ್ತದೆ’, ‘ಒಂದು ಮಗುವಾದರೆ ತಾನೇ ನಿಲ್ಲುತ್ತದೆ’ ಎಂಬ ಮಾತುಗಳಿಂದ ಹುಡುಗಿಯ ನೋವು ಆಸ್ಪತ್ರೆಯ ಬಾಗಿಲಿಗೇ ತಲುಪುವುದಿಲ್ಲ. ಮದುವೆ ಈ ರೋಗಕ್ಕೆ ಮದ್ದಲ್ಲ. ಗರ್ಭಾವಸ್ಥೆಯಲ್ಲಿ ಕೆಲವರಿಗೆ ನೋವು ಕಡಿಮೆಯಾಗಬಹುದು. ಆದರೆ ಅದು ಗುಣವಾದಂತಲ್ಲ.

ಎರಡನೆಯ ಕಾರಣ ರೋಗನಿರ್ಣಯದ ವಿಧಾನ. ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಲ್ಯಾಪರೊಸ್ಕೋಪಿಯಿಂದ ಮಾತ್ರ ಈ ರೋಗವನ್ನು ಖಚಿತಪಡಿಸಬೇಕೆಂದು ಬಹುಕಾಲ ಭಾವಿಸಲಾಗಿತ್ತು. ಅದಕ್ಕೆ ಅರಿವಳಿಕೆ, ತಜ್ಞರು ಮತ್ತು ದೊಡ್ಡ ಆಸ್ಪತ್ರೆ ಬೇಕಾಗುತ್ತವೆ.

3. ರೋಗನಿರ್ಣಯದ ಸಂಶೋಧನೆ

2022ರಲ್ಲಿ ಯುರೋಪಿನ ಸಂತಾನೋತ್ಪತ್ತಿ ವೈದ್ಯಕೀಯ ಸಂಘವು ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ, ಲ್ಯಾಪರೊಸ್ಕೋಪಿಯೇ ಕಡ್ಡಾಯ ಅಳತೆಗೋಲು ಎಂಬ ನಿಲುವನ್ನು ಕೈಬಿಟ್ಟಿತು. ಲಕ್ಷಣಗಳನ್ನು ವಿಚಾರಿಸಿ, ಸ್ಕ್ಯಾನಿಂಗ್ ಅಥವಾ ಎಂ.ಆರ್.ಐ. ಮಾಡಿಸಿ, ರೋಗದ ಸಂಶಯ ಬಲವಾಗಿದ್ದರೆ ಔಷಧಿ ಆರಂಭಿಸಬಹುದು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದಾಗ ಅಥವಾ ಔಷಧಿಯಿಂದ ಗುಣ ಕಾಣದಿದ್ದಾಗ ಲ್ಯಾಪರೊಸ್ಕೋಪಿಯನ್ನು ಪರಿಗಣಿಸಬಹುದು. ಸದಸ್ಯರು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು: ಅಂಡಾಶಯದ ಚೀಲ ಮತ್ತು ಆಳಕ್ಕೆ ಇಳಿದ ರೋಗ ಸ್ಕ್ಯಾನಿಂಗ್‌ನಲ್ಲಿ ಕಾಣಬಹುದು, ಒಳಪೊರೆಯ ಮೇಲಿನ ತೆಳುವಾದ ರೋಗ ಬಹುತೇಕ ಕಾಣುವುದಿಲ್ಲ. ಆದ್ದರಿಂದ ‘ಸ್ಕ್ಯಾನಿಂಗ್ ಸರಿಯಾಗಿದೆ’ ಎಂದರೆ ‘ನೋವು ಸುಳ್ಳು’ ಎಂದು ಅರ್ಥವಲ್ಲ.

ಫ್ರಾನ್ಸ್ ದೇಶದಲ್ಲಿ ಜೊಲ್ಲಿನಲ್ಲಿರುವ ಮೈಕ್ರೋ ಆರ್‌ಎನ್‌ಎ ಎಂಬ ಸೂಕ್ಷ್ಮ ಅಣುಗಳ ಮೂಲಕ ರೋಗವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಅಭಿವೃದ್ಧಿಪಡಿಸಲಾಗಿದೆ. 2023ರಲ್ಲಿ ಪ್ರಕಟವಾದ ಬೃಹತ್ ಅನುವಂಶೀಯ ಅಧ್ಯಯನವೊಂದು 60,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಪರಿಶೀಲಿಸಿ, ರೋಗಕ್ಕೆ ಸಂಬಂಧಿಸಿದ 42 ವಂಶವಾಹಿ ನೆಲೆಗಳನ್ನು ಗುರುತಿಸಿತು. ಆದರೆ ಅದರಲ್ಲಿದ್ದವರು ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರು. ಭಾರತೀಯ ಮಹಿಳೆಯರಲ್ಲಿ ಈ ರೋಗದ ಲಕ್ಷಣ ಹಾಗೂ ಅನುವಂಶೀಯತೆಯನ್ನು ತಿಳಿಯಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂಬೈ ಸಂಸ್ಥೆಯ ನೇತೃತ್ವದಲ್ಲಿ ಹಲವು ರಾಜ್ಯಗಳ ಆಸ್ಪತ್ರೆಗಳನ್ನೊಳಗೊಂಡ ಅಧ್ಯಯನವನ್ನು ಕೈಗೊಳ್ಳಲಾಗಿದೆ.

4. ಚಿಕಿತ್ಸೆ

ಈ ರೋಗವನ್ನು ಬುಡಸಹಿತ ಗುಣಪಡಿಸುವ ಔಷಧಿ ಇನ್ನೂ ಲಭ್ಯವಿಲ್ಲ, ಹತೋಟಿಯಲ್ಲಿಡುವ ಔಷಧಿಗಳಿವೆ. ನೋವು ನಿವಾರಕಗಳು, ಹಾರ್ಮೋನು ಮಾತ್ರೆಗಳು, ಡೈನೊಜೆಸ್ಟ್‌ನಂತಹ ಪ್ರೊಜೆಸ್ಟಿನ್ ಔಷಧಿಗಳು, ಗರ್ಭಕೋಶದಲ್ಲಿ ಅಳವಡಿಸುವ ಹಾರ್ಮೋನು ಸಾಧನ ಇವುಗಳಲ್ಲಿ ಸೇರಿವೆ. ಅಮೆರಿಕದಲ್ಲಿ 2018ರಲ್ಲಿ ಎಲಗೋಲಿಕ್ಸ್, 2022ರಲ್ಲಿ ರೆಲುಗೋಲಿಕ್ಸ್ ಸಂಯುಕ್ತ ಮಾತ್ರೆಗೆ ಈ ರೋಗದ ನೋವಿಗಾಗಿ ಅನುಮತಿ ದೊರೆಯಿತು. ಹಾರ್ಮೋನು ಔಷಧಿಗಳಲ್ಲಿ ಹೆಚ್ಚಿನವು ಗರ್ಭಧಾರಣೆಯನ್ನು ತಡೆಯುವುದರಿಂದ, ಮಗು ಬಯಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅಗತ್ಯವಿದ್ದಲ್ಲಿ ಲ್ಯಾಪರೊಸ್ಕೋಪಿ ಮೂಲಕ ರೋಗಗ್ರಸ್ತ ಭಾಗವನ್ನಷ್ಟೇ ತೆಗೆಯಬಹುದು. ಆದರೆ ರೋಗ ಮರುಕಳಿಸುವ ಸಾಧ್ಯತೆಯಿರುತ್ತದೆ.

5. ಗರ್ಭಕೋಶ ತೆಗೆಸುವುದು ಸುಲಭ ಪರಿಹಾರವಲ್ಲ

ಪೈಪ್‌ಲೈನಿನಲ್ಲಿ ಸೋರಿಕೆಯಿದ್ದಾಗ ಓವರ್‌ಹೆಡ್ ಟ್ಯಾಂಕನ್ನು ಕೆಡವಿದರೆ ಸಮಸ್ಯೆ ಬಗೆಹರಿಯುವುದಿಲ್ಲ. ಎಂಡೊಮೆಟ್ರಿಯೋಸಿಸ್ ಗರ್ಭಕೋಶದ ಹೊರಗಿರುವ ರೋಗ. ಗರ್ಭಕೋಶವನ್ನು ಮಾತ್ರ ತೆಗೆದರೆ ಹೊರಗಿನ ಅಂಗಾಂಶ ಉಳಿದು ನೋವು ಮುಂದುವರಿಯಬಹುದು. ಬೇರೆ ಚಿಕಿತ್ಸೆಗಳು ಫಲ ನೀಡದ, ಮಕ್ಕಳ ಅಪೇಕ್ಷೆಯಿಲ್ಲದ ಕೆಲವರಿಗೆ ಈ ಶಸ್ತ್ರಚಿಕಿತ್ಸೆ ಸೂಕ್ತವಾಗಬಹುದು; ಆದರೆ ಅದು ಮೊದಲ ಹೆಜ್ಜೆಯಾಗಬಾರದು. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ತೆಗೆದರೆ ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆ.

ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಿಳಿಸೆರಗು, ಹೊಟ್ಟೆನೋವಿನಂತಹ ತೊಂದರೆಗಳಿಗೂ ಯುವತಿಯರ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರುಗಳು ಕಳೆದ ದಶಕದಲ್ಲಿ ರಾಜ್ಯದ ಗಮನ ಸೆಳೆದು, ತನಿಖೆಗೆ ಕಾರಣವಾದವು. ಬೇರೆ ರಾಜ್ಯಗಳ ಇಂತಹ ಪ್ರಕರಣಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೇಂದ್ರ ಆರೋಗ್ಯ ಸಚಿವಾಲಯದ 2022ರ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಜಿಲ್ಲಾ, ರಾಜ್ಯ ಮತ್ತು ರಾಷ್ಟ್ರ ಮಟ್ಟದಲ್ಲಿ ಮೇಲ್ವಿಚಾರಣಾ ಸಮಿತಿಗಳಿರಬೇಕೆಂದು ಆ ಮಾರ್ಗಸೂಚಿ ತಿಳಿಸುತ್ತದೆ.

6. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

(ಅ) ಮಹಿಳಾ ಗ್ರಾಮ ಸಭೆಯಲ್ಲಿ ಆರೋಗ್ಯ ಸಿಬ್ಬಂದಿಯಿಂದ ಈ ವಿಷಯದ ಬಗ್ಗೆ ಅರ್ಧ ಗಂಟೆಯ ಮಾಹಿತಿ ಕೊಡಿಸುವುದು. ಯಾವುದೇ ಮಹಿಳೆಯ ಹೆಸರನ್ನಾಗಲಿ ಕಾಯಿಲೆಯನ್ನಾಗಲಿ ಸಭೆಯಲ್ಲಿ ಪ್ರಸ್ತಾಪಿಸತಕ್ಕದ್ದಲ್ಲ, ನಡಾವಳಿಯಲ್ಲಿ ದಾಖಲಿಸತಕ್ಕದ್ದಲ್ಲ.

(ಆ) ಮುಟ್ಟಿನ ದಿನಗಳಲ್ಲಿ ಪ್ರತಿ ತಿಂಗಳು ಶಾಲೆ ತಪ್ಪಿಸುವ ಹುಡುಗಿಯರಿದ್ದಲ್ಲಿ, ಶಿಕ್ಷಕಿಯರು ಮತ್ತು ಆಶಾ ಕಾರ್ಯಕರ್ತೆಯರ ಮೂಲಕ, ಪೋಷಕರ ಒಪ್ಪಿಗೆ ಪಡೆದು, ಹದಿಹರೆಯದವರ ಸ್ನೇಹ ಕ್ಲಿನಿಕ್‌ಗೆ ಕಳುಹಿಸಲು ಸಹಕರಿಸುವುದು.

(ಇ) ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಇ-ಸಂಜೀವಿನಿ ಮೂಲಕ ವೈದ್ಯರ ಸಲಹೆ ಪಡೆಯಬಹುದೆಂದು ವಾರ್ಡ್ ಸಭೆಗಳಲ್ಲಿ ತಿಳಿಸುವುದು.

(ಈ) ಗರ್ಭಕೋಶ ತೆಗೆಸಲು ಸಲಹೆ ಬಂದ ಕುಟುಂಬವು ವಿಚಾರಿಸಿದಲ್ಲಿ, ತುರ್ತು ಪರಿಸ್ಥಿತಿಯಿಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯಲು ತಿಳಿಸುವುದು. ಕೇಳಬೇಕಾದ ಪ್ರಶ್ನೆಗಳು ನಾಲ್ಕು: ರೋಗ ಯಾವುದು? ಯಾವ ಪರೀಕ್ಷೆಯಿಂದ ತಿಳಿಯಿತು? ಔಷಧಿಯಿಂದ ಪ್ರಯತ್ನಿಸಲಾಗಿದೆಯೇ? ಅಂಡಾಶಯಗಳನ್ನು ಉಳಿಸಲಾಗುವುದೇ?

ಚಿಕಿತ್ಸೆಯ ನಿರ್ಧಾರ ವೈದ್ಯರಿಗೂ ಆ ಮಹಿಳೆಗೂ ಸೇರಿದ್ದು. ಸದಸ್ಯರು ಔಷಧಿ ಸೂಚಿಸಬಾರದು. ನೋವನ್ನು ನಂಬಿ, ಸರಿಯಾದ ಬಾಗಿಲು ತೋರಿಸುವುದು ಸದಸ್ಯರ ಕೆಲಸ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿ ವ್ಯಾಪ್ತಿಯಿಂದ ಸ್ತ್ರೀರೋಗ ತಜ್ಞರಿರುವ ಹತ್ತಿರದ ಸರ್ಕಾರಿ ಆಸ್ಪತ್ರೆ ಎಷ್ಟು ದೂರದಲ್ಲಿದೆ? ತಜ್ಞರು ಯಾವ ದಿನಗಳಲ್ಲಿ ಲಭ್ಯರಿರುತ್ತಾರೆ?

2. ಮುಟ್ಟಿನ ನೋವಿನ ಬಗ್ಗೆ ಗ್ರಾಮದಲ್ಲಿರುವ ಯಾವ ನಂಬಿಕೆಗಳು ಮಹಿಳೆಯರು ಆಸ್ಪತ್ರೆಗೆ ಹೋಗುವುದನ್ನು ತಡೆಯುತ್ತಿವೆ?

3. ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿ ಯಾವ ಒಂದು ಚಟುವಟಿಕೆಯನ್ನು ಸೇರಿಸಬಹುದು?