ಎದೆಹಾಲು ಕುಡಿಯುವ ಕೂಸಿಗೆ ದಿನವೂ ಮಲಪ್ರವೃತ್ತಿಯಾಗದಿದ್ದರೆ

ಹಸುಗೂಸಿರುವ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಪ್ರಶ್ನೆಗಳು ಎರಡು. ಒಂದು, ಕೂಸು ಹಾಲು ಕುಡಿಯಿತೆ? ಇನ್ನೊಂದು, ಕೂಸಿಗೆ ಹೊರಕಡೆ ಆಯಿತೆ? ಎರಡನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಎರಡು ದಿನ ಬಂದಿತೆಂದರೆ ಮನೆಮಂದಿಗೆಲ್ಲ ಕಳವಳ ಹುಟ್ಟುತ್ತದೆ. ಮೂರನೆಯ ದಿನ ಅಜ್ಜಿ ಹರಳೆಣ್ಣೆಯನ್ನು ಹುಡುಕುತ್ತಾರೆ. ನಾಲ್ಕನೆಯ ದಿನ ಬಾಣಂತಿಯ ಹಾಲಿನಲ್ಲಿಯೇ ದೋಷವಿದೆಯೆಂಬ ಮಾತು ಏಳುತ್ತದೆ. ನಮ್ಮ ಬಳಿಗೆ ಬರುವ ಎಳೆಯ ತಾಯಂದಿರಲ್ಲಿ ಅನೇಕರು ಈ ಮಾತನ್ನು ಕೇಳಿ ನೊಂದುಕೊಂಡೇ ಬಂದಿರುತ್ತಾರೆ. ಅವರ ಮಡಿಲಲ್ಲಿರುವ ಕೂಸು ಮಾತ್ರ ಬಹುಪಾಲು ಕೈಕಾಲು ಆಡಿಸುತ್ತ ನಗುತ್ತಿರುತ್ತದೆ.

ಇಲ್ಲಿ ಎರಡು ಬಗೆಯ ಅಪಾಯಗಳಿವೆ. ಆರೋಗ್ಯವಾಗಿರುವ ಕೂಸಿಗೆ ಬೇಡದ ಉಪಚಾರ ಮಾಡಿ ತೊಂದರೆಯನ್ನು ಬರಮಾಡಿಕೊಳ್ಳುವುದು ಒಂದು. ನಿಜವಾಗಿಯೂ ಕಾಯಿಲೆಯಿರುವ ಕೂಸನ್ನು ‘ಎಲ್ಲ ಮಕ್ಕಳೂ ಹೀಗೆಯೇ’ ಎಂದು ಮನೆಯಲ್ಲಿಯೇ ಇಟ್ಟುಕೊಳ್ಳುವುದು ಇನ್ನೊಂದು. ಇವೆರಡನ್ನೂ ತಪ್ಪಿಸಬೇಕಾದರೆ ಯಾವುದು ಸಹಜ, ಯಾವುದು ಅಸಹಜ ಎಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು.

ಮೊದಲ ದಿನಗಳು

ಹುಟ್ಟಿದ ಕೂಸು ಮೊದಲು ವಿಸರ್ಜಿಸುವ ಮಲವು ಕಪ್ಪು ಮಿಶ್ರಿತ ಹಸಿರು ಬಣ್ಣದ್ದಾಗಿ ಅಂಟಂಟಾಗಿರುತ್ತದೆ. ಇದನ್ನು ಮೆಕೋನಿಯಂ ಎನ್ನುತ್ತಾರೆ. ಗರ್ಭದಲ್ಲಿದ್ದಾಗ ನುಂಗಿದ ದ್ರವ, ಕರುಳಿನ ಒಳಪದರದಿಂದ ಕಳಚಿದ ಜೀವಕೋಶಗಳು, ಪಿತ್ತರಸ ಇವೆಲ್ಲ ಸೇರಿ ಇದು ಉಂಟಾಗುತ್ತದೆ. ತುಂಬು ತಿಂಗಳಿಗೆ ಹುಟ್ಟಿದ ಬಹುತೇಕ ಕೂಸುಗಳಿಗೆ ೨೪ ಗಂಟೆಗಳೊಳಗೆ, ಉಳಿದವುಗಳಲ್ಲಿ ಹೆಚ್ಚಿನವಕ್ಕೆ ೪೮ ಗಂಟೆಗಳೊಳಗೆ ಇದು ಹೊರಬರುತ್ತದೆ. ಹೆರಿಗೆಯಾದೊಡನೆ ಬರುವ ಹಳದಿ ಬಣ್ಣದ ಗಟ್ಟಿ ಹಾಲಿಗೆ ಕರುಳನ್ನು ಶುದ್ಧಗೊಳಿಸುವ ಗುಣವಿದೆ. ಆ ಹಾಲನ್ನು ಹಿಂಡಿ ಚೆಲ್ಲುವ ಹಳೆಯ ರೂಢಿಯನ್ನು ಬಿಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಮೂರು ನಾಲ್ಕನೆಯ ದಿನಕ್ಕೆ ಮಲವು ಹಸಿರು ಬಣ್ಣಕ್ಕೆ ತಿರುಗುತ್ತದೆ. ಐದನೆಯ ದಿನದ ಹೊತ್ತಿಗೆ ಅರೆದ ಸಾಸಿವೆಯಂತೆ ಹಳದಿಯಾಗಿ, ತೆಳ್ಳಗೆ, ಸಣ್ಣ ಕಾಳುಗಳಿಂದ ಕೂಡಿರುತ್ತದೆ. ಆಗಿನಿಂದ ಸುಮಾರು ಆರು ವಾರಗಳವರೆಗೆ ದಿನಕ್ಕೆ ಮೂರು ನಾಲ್ಕು ಸಲ ಮಲಪ್ರವೃತ್ತಿಯಾಗುವುದು ಸಾಮಾನ್ಯ. ಕೆಲವು ಕೂಸುಗಳಿಗೆ ಹಾಲು ಕುಡಿದಾಗಲೆಲ್ಲ ಆಗುವುದುಂಟು. ಇದನ್ನು ಭೇದಿಯೆಂದು ತಿಳಿದು ಗಾಬರಿಪಡಬೇಕಿಲ್ಲ.

ಆದರೆ ಈ ಮೊದಲ ತಿಂಗಳಿನಲ್ಲಿಯೇ ಮಲಪ್ರವೃತ್ತಿ ವಿರಳವಾದರೆ ಅದನ್ನು ಅಲಕ್ಷಿಸಕೂಡದು. ಕೂಸಿಗೆ ಸಾಕಷ್ಟು ಹಾಲು ದೊರೆಯುತ್ತಿಲ್ಲವೆಂಬುದರ ಸೂಚನೆ ಅದಾಗಿರಬಹುದು. ಕೂಸು ಮೊಲೆಯನ್ನು ಸರಿಯಾಗಿ ಬಾಯಿತುಂಬ ಹಿಡಿಯುತ್ತಿದೆಯೇ, ನುಂಗುವ ಸದ್ದು ಕೇಳುತ್ತದೆಯೇ, ತೂಕ ಏರುತ್ತಿದೆಯೇ ಎಂಬುದನ್ನು ವೈದ್ಯರಿಂದಲೋ ಆಶಾ ಕಾರ್ಯಕರ್ತೆಯಿಂದಲೋ ನೋಡಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು ೩, ೭, ೧೪, ೨೧, ೨೮ ಹಾಗೂ ೪೨ನೆಯ ದಿನಗಳಂದು ಭೇಟಿ ನೀಡಬೇಕೆಂಬ ನಿಯಮವಿದೆ. ಆ ಭೇಟಿಗಳನ್ನು ಸದುಪಯೋಗಪಡಿಸಿಕೊಳ್ಳಿರಿ.

ಆರು ವಾರಗಳ ಬಳಿಕ

ಸುಮಾರು ಆರು ವಾರಗಳಾದ ಮೇಲೆ ಅನೇಕ ಕೂಸುಗಳ ಕ್ರಮವು ಇದ್ದಕ್ಕಿದ್ದಂತೆ ಬದಲಾಗುತ್ತದೆ. ದಿನಕ್ಕೆ ನಾಲ್ಕು ಸಲ ಆಗುತ್ತಿದ್ದುದು ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ, ಕೆಲವರಲ್ಲಿ ವಾರಕ್ಕೊಮ್ಮೆ ಎಂಬಂತಾಗುತ್ತದೆ. ಇನ್ನು ಕೆಲವು ಕೂಸುಗಳು ಮೊದಲಿನಂತೆಯೇ ದಿನಕ್ಕೆ ಹಲವು ಸಲ ವಿಸರ್ಜಿಸುತ್ತಿರುತ್ತವೆ. ಕೇವಲ ಎದೆಹಾಲು ಕುಡಿಯುವ ಆರೋಗ್ಯವಂತ ಕೂಸಿನಲ್ಲಿ ಇವೆರಡೂ ಸಹಜ.

ಇದರ ಕಾರಣ ಸರಳವಾಗಿದೆ. ಮಲವೆಂಬುದು ಬಹುಮಟ್ಟಿಗೆ ಜೀರ್ಣವಾಗದೆ ಉಳಿದ ಅಂಶ. ನಾವು ಉಣ್ಣುವ ರೊಟ್ಟಿ, ಕಾಳು, ಸೊಪ್ಪುಗಳಲ್ಲಿ ನಾರು ಇರುವುದರಿಂದ ನಿತ್ಯವೂ ಮಲ ಸಂಗ್ರಹವಾಗುತ್ತದೆ. ತಾಯಿಯ ಹಾಲಿನಲ್ಲಿ ಅಂತಹ ನಾರಿಲ್ಲ. ಕೂಸಿನ ಕರುಳು ಬಲಿತಂತೆ ಆ ಹಾಲನ್ನು ಬಹುತೇಕ ಪೂರ್ತಿಯಾಗಿ ಹೀರಿಕೊಳ್ಳುತ್ತದೆ. ಉಳಿಯುವುದೇ ಅತ್ಯಲ್ಪವಾದಾಗ ಹೊರಹೋಗುವುದಾದರೂ ಏನು? ಹಾಲಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ಸೇರುವ ಕೆಲವು ವಿಶೇಷ ಶರ್ಕರಗಳಿವೆ. ಅವು ಹಿತಕರ ಸೂಕ್ಷ್ಮಜೀವಿಗಳನ್ನು ಪೋಷಿಸಿ ಮಲವನ್ನು ಮೃದುವಾಗಿಡುತ್ತವೆ. ಆದ್ದರಿಂದಲೇ ಆರು ದಿನಗಳ ನಂತರ ಆದರೂ ಆ ಮಲವು ಮೆತ್ತಗೆ, ಪ್ರಮಾಣದಲ್ಲಿ ಹೆಚ್ಚಾಗಿ ಬರುತ್ತದೆ.

ಮಲಬದ್ಧತೆಯನ್ನು ನಿರ್ಣಯಿಸುವಾಗ ದಿನಗಳ ಎಣಿಕೆಗಿಂತ ಮಲದ ಸ್ವರೂಪವೇ ಮುಖ್ಯ. ಐದು ದಿನಗಳ ಬಳಿಕ ಮೃದುವಾದ ಮಲ ಬಂದರೆ ಅದು ಮಲಬದ್ಧತೆಯಲ್ಲ. ದಿನವೂ ಬಂದರೂ ಆಡಿನ ಹಿಕ್ಕೆಯಂತೆ ಗಟ್ಟಿ ಉಂಡೆಗಳಾಗಿ ಬಂದರೆ ಅದು ಮಲಬದ್ಧತೆ. ಕೇವಲ ಎದೆಹಾಲು ಕುಡಿಯುವ ಕೂಸಿನಲ್ಲಿ ಇಂತಹ ಗಟ್ಟಿ ಮಲ ಬಹಳ ಅಪರೂಪ. ಕಂಡುಬಂದರೆ ವೈದ್ಯರಿಗೆ ತೋರಿಸಲೇಬೇಕು.

ಕೂಸು ಮುಕ್ಕುವುದೇಕೆ?

‘ಮಲ ಮೃದುವಾಗಿದ್ದರೆ ಕೂಸು ಮುಖ ಕೆಂಪಗೆ ಮಾಡಿಕೊಂಡು ಮುಕ್ಕುವುದೇಕೆ, ಅಳುವುದೇಕೆ?’ ಎಂದು ತಾಯಂದಿರು ಕೇಳುತ್ತಾರೆ. ಮಲವಿಸರ್ಜನೆಗೆ ಎರಡು ಕ್ರಿಯೆಗಳು ಒಟ್ಟಿಗೆ ನಡೆಯಬೇಕು: ಹೊಟ್ಟೆಯ ಸ್ನಾಯುಗಳು ಒತ್ತಬೇಕು, ಅದೇ ಕ್ಷಣದಲ್ಲಿ ಗುದದ್ವಾರದ ಸ್ನಾಯುಗಳು ಸಡಿಲಗೊಳ್ಳಬೇಕು. ಈ ಹೊಂದಾಣಿಕೆಯನ್ನು ಕೂಸು ಇನ್ನೂ ಕಲಿಯುತ್ತಿರುತ್ತದೆ. ಹತ್ತು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಅತ್ತು ಮುಕ್ಕಿದ ಬಳಿಕ ಮೃದುವಾದ ಮಲ ಬಂದು ಕೂಸು ಶಾಂತವಾದರೆ ಇದು ರೋಗವಲ್ಲ. ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಪ್ರತಿ ಸಲವೂ ಗುದದ್ವಾರಕ್ಕೆ ಏನನ್ನಾದರೂ ತೂರಿಸಿ ಪ್ರಚೋದಿಸಿದರೆ ಕೂಸು ಆ ಹೊಂದಾಣಿಕೆಯನ್ನು ಕಲಿಯುವುದು ತಡವಾಗುತ್ತದೆ.

ಮನೆಯಲ್ಲಿ ನೋಡಬೇಕಾದ ನಾಲ್ಕು ಅಂಶಗಳು

ಮೊದಲನೆಯದು ಮೂತ್ರ. ಐದಾರು ದಿನಗಳಾದ ಕೂಸು ದಿನಕ್ಕೆ ಆರು ಅಥವಾ ಹೆಚ್ಚು ಸಲ ತಿಳಿಯಾದ ಮೂತ್ರವನ್ನು ವಿಸರ್ಜಿಸಬೇಕು.

ಎರಡನೆಯದು ತೂಕ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು ಎರಡು ವಾರಗಳೊಳಗೆ ಮತ್ತೆ ಜನನದ ತೂಕಕ್ಕೆ ಬರುತ್ತದೆ. ಆ ಬಳಿಕ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು ೨೦ರಿಂದ ೩೦ ಗ್ರಾಂ ಏರಬೇಕು. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ರೇಖೆಯನ್ನು ನೋಡಿದರೆ ಇದು ತಿಳಿಯುತ್ತದೆ.

ಮೂರನೆಯದು ಹೊಟ್ಟೆ. ಮುಟ್ಟಿದಾಗ ಮೆತ್ತಗಿರಬೇಕು, ವಾಯು ಸರಿಯುತ್ತಿರಬೇಕು.

ನಾಲ್ಕನೆಯದು ಚಟುವಟಿಕೆ. ಕೂಸು ಹಸಿದು ಹಾಲು ಕುಡಿಯಬೇಕು, ಎಚ್ಚರವಾಗಿದ್ದಾಗ ಲವಲವಿಕೆಯಿಂದಿರಬೇಕು.

ಆರು ವಾರ ದಾಟಿದ ಕೂಸಿನಲ್ಲಿ ಈ ನಾಲ್ಕೂ ಸರಿಯಾಗಿದ್ದರೆ ನಾಲ್ಕೈದು ದಿನ ಮಲಪ್ರವೃತ್ತಿಯಾಗದಿದ್ದರೂ ಕಾಯಬಹುದು. ಒಂದು ವಾರ ಮೀರಿದರೆ ಒಮ್ಮೆ ವೈದ್ಯರಿಗೆ ತೋರಿಸುವುದು ಒಳಿತು.

ಆಯುರ್ವೇದದ ದೃಷ್ಟಿ

ಸುಶ್ರುತರು ಬಾಲ್ಯವನ್ನು ಆಹಾರದ ಆಧಾರದ ಮೇಲೆ ಕ್ಷೀರಪ, ಕ್ಷೀರಾನ್ನಾದ, ಅನ್ನಾದ ಎಂದು ಮೂರಾಗಿ ವಿಭಾಗಿಸಿದ್ದಾರೆ. ಕೇವಲ ಹಾಲನ್ನೇ ಉಣ್ಣುವ ಕ್ಷೀರಪ ಶಿಶುವನ್ನು ಅನ್ನ ಉಣ್ಣುವವರ ಅಳತೆಗೋಲಿನಿಂದ ಅಳೆಯಬಾರದೆಂಬುದು ಈ ವಿಭಾಗದಿಂದಲೇ ಸ್ಪಷ್ಟವಾಗುತ್ತದೆ. ಎಲ್ಲರ ಕೋಷ್ಠವೂ ಒಂದೇ ಬಗೆಯದಲ್ಲ, ಮೃದು, ಮಧ್ಯ, ಕ್ರೂರ ಎಂಬ ಭೇದಗಳಿವೆ ಎಂಬುದನ್ನೂ ಶಾಸ್ತ್ರ ಹೇಳುತ್ತದೆ. ಮಾತು ಬಾರದ ಶಿಶುವಿನ ನೋವನ್ನು ಅದರ ಚೇಷ್ಟೆಗಳಿಂದ ಅರಿಯುವುದು ಹೇಗೆಂದು ತಿಳಿಸಲು ಕಾಶ್ಯಪ ಸಂಹಿತೆಯಲ್ಲಿ ವೇದನಾಧ್ಯಾಯವೆಂಬ ಪ್ರತ್ಯೇಕ ಅಧ್ಯಾಯವೇ ಇದೆ. ಮೊದಲು ಶಿಶುವನ್ನು ನೋಡಬೇಕು, ಔಷಧದ ಮಾತು ಆಮೇಲೆ. ನಮ್ಮ ಪದ್ಧತಿಯ ಔಷಧವೆಂಬ ಮಾತ್ರಕ್ಕೆ ಅದು ಹಸುಗೂಸಿಗೆ ನಿರಪಾಯಕಾರಿಯಾಗುವುದಿಲ್ಲ.

ಮಾಡಬಾರದ ಉಪಚಾರಗಳು

ಹರಳೆಣ್ಣೆಯು ತೀಕ್ಷ್ಣವಾದ ವಿರೇಚಕ. ಹಸುಗೂಸಿಗೆ ಕುಡಿಸಿದರೆ ಹೊಟ್ಟೆನುಲಿತ, ಭೇದಿ, ನಿರ್ಜಲತೆ ಉಂಟಾಗಬಹುದು. ಅಳುವ ಕೂಸಿನ ಬಾಯಿಗೆ ಎಣ್ಣೆ ಹಾಕುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಕಠಿಣವಾದ ನ್ಯುಮೋನಿಯಾ ಬರುತ್ತದೆ.

ಎಣ್ಣೆ ಸವರಿದ ವೀಳ್ಯದೆಲೆಯ ತೊಟ್ಟು ಅಥವಾ ಸಾಬೂನಿನ ಚೂರನ್ನು ಗುದದ್ವಾರದಲ್ಲಿ ಇಡುವ ರೂಢಿ ನಮ್ಮ ಹಳ್ಳಿ ಪಟ್ಟಣಗಳಲ್ಲಿ ಇಂದಿಗೂ ಇದೆ. ಇದರಿಂದ ನವಿರಾದ ಒಳಪದರಕ್ಕೆ ಗಾಯವಾಗುತ್ತದೆ, ಸಾಬೂನು ಉರಿಯನ್ನು ತರುತ್ತದೆ.

ಜೇನುತುಪ್ಪವನ್ನು ನೆಕ್ಕಿಸುವ ವಿಷಯ ಸೂಕ್ಷ್ಮವಾದುದು. ಪ್ರಾಚೀನ ಗ್ರಂಥಗಳಲ್ಲಿ ಶಿಶುವಿಗೆ ಜೇನು ನೆಕ್ಕಿಸುವ ವಿಧಿ ಇದೆಯೆಂಬುದು ನಿಜ. ಆದರೆ ಜೇನಿನಲ್ಲಿರಬಹುದಾದ ಒಂದು ಸೂಕ್ಷ್ಮಾಣುವಿನ ಬೀಜಕಣಗಳು ಒಂದು ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಸ್ನಾಯುಗಳನ್ನು ಬಲಹೀನಗೊಳಿಸುವ ಕಾಯಿಲೆಯನ್ನು ತರುತ್ತವೆಂಬುದು ಈಗ ಖಚಿತವಾಗಿದೆ. ಆ ಕಾಯಿಲೆಯ ಮೊದಲ ಲಕ್ಷಣವೇ ಹಲವು ಬಾರಿ ಮಲಬದ್ಧತೆ! ಆದ್ದರಿಂದ ಒಂದು ವರ್ಷ ತುಂಬುವವರೆಗೆ ಜೇನು ಬೇಡವೆಂಬುದೇ ನಮ್ಮ ಸಲಹೆ.

ಬಜೆ ಮೊದಲಾದವುಗಳನ್ನು ತೇದು ನಿತ್ಯವೂ ಹಾಕುವುದು, ಅಂಗಡಿಯ ಗುಟ್ಟಿ, ಗ್ರೈಪ್ ವಾಟರ್, ಸಕ್ಕರೆ ನೀರು, ಬರಿ ನೀರು ಇವು ಯಾವುವೂ ಆರು ತಿಂಗಳೊಳಗಿನ ಕೂಸಿಗೆ ಬೇಕಿಲ್ಲ. ಬಾಟಲಿ ಹಾಲನ್ನು ಆರಂಭಿಸುವುದಂತೂ ಇವೆಲ್ಲಕ್ಕಿಂತ ಹೆಚ್ಚಿನ ಹಾನಿ. ಕೂಸು ಚೀಪಿದಷ್ಟೇ ಹಾಲು ಉತ್ಪತ್ತಿಯಾಗುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಚೀಪುವುದು ಕಡಿಮೆಯಾದರೆ ತಾಯಿಯ ಹಾಲೂ ಬತ್ತುತ್ತದೆ. ಡಬ್ಬಿಯ ಪುಡಿಹಾಲಿನಿಂದ ಮಲವು ಇನ್ನೂ ಗಟ್ಟಿಯಾಗುತ್ತದೆ.

ತಾಯಿಯನ್ನು ದೂರಬೇಡಿರಿ

‘ಬಾಣಂತಿ ಸೊಪ್ಪು ತಿಂದಳು, ತಣ್ಣೀರು ಕುಡಿದಳು, ಅದಕ್ಕೇ ಕೂಸಿನ ಹೊಟ್ಟೆ ಕಟ್ಟಿತು’ ಎಂಬ ಮಾತಿಗೆ ಆಧಾರವಿಲ್ಲ. ನೀರು ಮತ್ತು ಸೊಪ್ಪನ್ನು ಬಿಡಿಸಿದರೆ ಮಲಬದ್ಧತೆಯಾಗುವುದು ತಾಯಿಗೆ. ಆಕೆ ಬಾಯಾರಿದಾಗಲೆಲ್ಲ ನೀರು ಕುಡಿಯಲಿ; ಸಬ್ಬಸಿಗೆ, ಮೆಂತ್ಯ, ಬೇಳೆ, ಹಾಲು, ತುಪ್ಪ, ಹಣ್ಣುಗಳಿಂದ ಕೂಡಿದ ಊಟ ಮಾಡಲಿ. ಹೆರಿಗೆಯ ನಂತರ ೧೮೦ ದಿನ ಸೇವಿಸಲೆಂದು ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ‘ಕೂಸಿಗೆ ಹೊಟ್ಟೆ ಕಟ್ಟುತ್ತದೆ’ ಎಂದು ನಿಲ್ಲಿಸುವವರಿದ್ದಾರೆ. ತಾಯಿ ನುಂಗುವ ಮಾತ್ರೆಯಿಂದ ಹಾಲಿನ ಕಬ್ಬಿಣಾಂಶ ಹೆಚ್ಚುವುದಿಲ್ಲ. ಮಾತ್ರೆ ನಿಲ್ಲಿಸಿದರೆ ನಷ್ಟವಾಗುವುದು ತಾಯಿಯ ರಕ್ತಕ್ಕೆ.

ಮಾಡಬಹುದಾದುದು

ಕೂಸು ಕೇಳಿದಾಗಲೆಲ್ಲ, ಹಗಲಿರುಳು ಸೇರಿ ಎಂಟರಿಂದ ಹನ್ನೆರಡು ಸಲ ಹಾಲೂಡಿಸಬೇಕು. ಒಂದು ಎದೆಯ ಹಾಲು ಬರಿದಾದ ಮೇಲೆ ಇನ್ನೊಂದಕ್ಕೆ ಬದಲಿಸಬೇಕು. ಹಾಲೂಡಿಸಿ ಒಂದು ಗಂಟೆಯಾದ ಬಳಿಕ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹಗುರವಾಗಿ ನೀವಬಹುದು. ಮಂಡಿಗಳನ್ನು ಮೆಲ್ಲನೆ ಮಡಿಸಿ ಹೊಟ್ಟೆಯತ್ತ ತಂದು ಬಿಡಬಹುದು. ಮೂಗು, ಕಿವಿ, ಗುದದ್ವಾರಗಳಿಗೆ ಎಣ್ಣೆ ಹಾಕಕೂಡದು.

ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಸಂದರ್ಭಗಳು

ಹುಟ್ಟಿ ೪೮ ಗಂಟೆಗಳಾದರೂ ಮೊದಲ ಮಲ ಬಾರದಿದ್ದರೆ; ಹಸಿರು ಬಣ್ಣದ ವಾಂತಿಯಾದರೆ; ಹೊಟ್ಟೆ ಉಬ್ಬಿ ಬಿಗಿಯಾಗಿ ಕೂಸು ಹಾಲು ಬಿಟ್ಟರೆ; ಮಲದಲ್ಲಿ ರಕ್ತ ಕಂಡರೆ; ಮೂರು ತಿಂಗಳೊಳಗಿನ ಕೂಸಿಗೆ ೧೦೦.೪ ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ಕೂಸು ಸೋತು ಜೋತುಬಿದ್ದಂತಿದ್ದರೆ, ಅಳುವಿನ ದನಿ ಕ್ಷೀಣಿಸಿದರೆ ಆ ಹೊತ್ತಿನಲ್ಲಿ ಮನೆಮದ್ದು ಸಲ್ಲದು. ಮಲದ ಬಣ್ಣ ಸುಣ್ಣದಂತೆ ಬಿಳಿಚಿದ್ದರೂ ಕೂಡಲೇ ತೋರಿಸಬೇಕು, ಅದು ಪಿತ್ತನಾಳದ ಕಾಯಿಲೆಯ ಸೂಚನೆಯಾಗಿರಬಹುದು.

ಇದಕ್ಕೆ ಕಾರಣಗಳಿವೆ. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿರುವುದಿಲ್ಲ. ಆ ಭಾಗ ಸಡಿಲಗೊಳ್ಳದೆ ಮಲ ಅದರ ಮೇಲ್ಭಾಗದಲ್ಲಿ ತಡೆದು ನಿಲ್ಲುತ್ತದೆ. ೧೮೮೬ರಲ್ಲಿ ಇದನ್ನು ವಿವರಿಸಿದ ಡೆನ್ಮಾರ್ಕಿನ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ ಅವರ ಹೆಸರಿನಿಂದಲೇ ಈ ಕಾಯಿಲೆಯನ್ನು ಕರೆಯುತ್ತಾರೆ. ಶಸ್ತ್ರಚಿಕಿತ್ಸೆಯೇ ಇದಕ್ಕೆ ಪರಿಹಾರ. ಇನ್ನು ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯ ಕೊರತೆಯಿರುತ್ತದೆ. ಮಲಬದ್ಧತೆಯೊಡನೆ ದೀರ್ಘಕಾಲದ ಕಾಮಾಲೆ, ಒರಟಾದ ಅಳುವಿನ ದನಿ, ದಪ್ಪ ನಾಲಿಗೆ, ಅತಿಯಾದ ನಿದ್ರೆ ಕಂಡರೆ ರಕ್ತಪರೀಕ್ಷೆ ಮಾಡಿಸಬೇಕು. ಬೇಗ ಗುರುತಿಸಿ ನಿತ್ಯವೂ ಮಾತ್ರೆ ಕೊಟ್ಟರೆ ಕೂಸು ಬುದ್ಧಿಯಲ್ಲಿಯೂ ದೇಹದಲ್ಲಿಯೂ ಇತರ ಮಕ್ಕಳಂತೆ ಬೆಳೆಯುತ್ತದೆ. ತಡಮಾಡಿದರೆ ಬುದ್ಧಿಯ ಬೆಳವಣಿಗೆಗೆ ಆಗುವ ಹಾನಿಯನ್ನು ಮತ್ತೆ ತುಂಬಲಾಗದು.

ಆರು ತಿಂಗಳು ತುಂಬಿ ರಾಗಿ ಸರಿ, ಮೆತ್ತನೆಯ ಅನ್ನ, ಬೇಳೆಕಟ್ಟು ಆರಂಭವಾದ ಮೇಲೆ ಮಲವು ಗಟ್ಟಿಯಾಗುವುದು ಸಹಜ. ಆಗ ಕಾಯಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕೊಡಬಹುದು. ಮಾಗಿದ ಪರಂಗಿ ಹಣ್ಣು, ಬೇಯಿಸಿ ಮಸೆದ ಸೊಪ್ಪು ತರಕಾರಿಗಳನ್ನು ರೂಢಿ ಮಾಡಿಸಬಹುದು. ಎದೆಹಾಲನ್ನು ಮಾತ್ರ ಎರಡು ವರ್ಷ ಮತ್ತು ಅದರಾಚೆಗೂ ಮುಂದುವರಿಸಬೇಕು.

ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಕೂಸಿಗೆ ಮಲಪ್ರವೃತ್ತಿಯಾದ ದಿನ, ಬಣ್ಣ, ಗಟ್ಟಿಯೋ ಮೃದುವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ವೈದ್ಯರ ಬಳಿಗೆ ಬರುವಾಗ ಆ ಹಾಳೆಯನ್ನೂ ತಾಯಿ ಕಾರ್ಡನ್ನೂ ತನ್ನಿರಿ. ಸಾಧ್ಯವಾದರೆ ಮಲವಾದ ಬಟ್ಟೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ತೋರಿಸಿರಿ. ಕಾಯಬಹುದೋ, ಪರೀಕ್ಷೆ ಬೇಕೋ ಎಂಬುದನ್ನು ನಿರ್ಧರಿಸಲು ವೈದ್ಯರಿಗೆ ಅದರಿಂದ ಬಹಳ ಅನುಕೂಲವಾಗುತ್ತದೆ.