ಗೆದ್ದ ಮೇಲೂ ಜಗಳ ಯಾಕೆ?

2024ರ ಮೇ 5, ಭಾನುವಾರ. ಹರಿಹರದಲ್ಲಿ ನಮ್ಮ ಕಲಿಕಾ ಕೇಂದ್ರ. ಬೆಳಿಗ್ಗೆ ಹತ್ತಕ್ಕೇ ಬಿಸಿಲು ಸುಡುತ್ತಿತ್ತು. ಲೋಕಸಭೆ ಚುನಾವಣೆಯ ಮತದಾನಕ್ಕೆ ಎರಡೇ ದಿನ ಉಳಿದಿತ್ತು. ಅವತ್ತು ಮತದಾನದ ಪಾಠ ಮಾಡೋಣ ಅಂತ ನಾವು ಹೋಗಿದ್ದೆವು. ಆದರೆ ಬಾಗಿಲ ಹತ್ತಿರ ಬಂದರೆ ಒಳಗೆ ದೊಡ್ಡ ಗದ್ದಲ.

"ಗೆದ್ವಿ ಗೆದ್ವಿ ಅಂತ ಕುಣಿತೀಯಲ್ಲೋ ತಮ್ಮಾ, ಅದೂ ಒಂದು ಗೆಲುವೇನೋ?" ಇದು ಹಮಾಲಿ ಅಣ್ಣನ ದನಿ.

"ಗೆದ್ದಿದ್ದು ಗೆದ್ದಂಗೆ ಕಣಣ್ಣ. ಎರಡು ಪಾಯಿಂಟ್ ಬಂತೋ ಇಲ್ಲೋ? ಅಷ್ಟು ಸಾಕು." ಇದು ಆಟೋ ಓಡಿಸುವ ತಮ್ಮನದು.

ಮತದಾನದ ಪಾಠ ಅರ್ಧ ಗಂಟೆ ಮುಂದೆ ಹೋಯಿತು. ಜಗಳ ಬಿಡಿಸದೆ ಪಾಠ ನಡೆಯುವಂತಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆ ಮಾತು ಕೇಳುವ ಆಸೆ ಇತ್ತು.

ಹಿಂದಿನ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯ ನಡೆದಿತ್ತು. ಒಂದು ಕಡೆ ಆರ್‌ಸಿಬಿ, ಇನ್ನೊಂದು ಕಡೆ ಗುಜರಾತ್ ಟೈಟನ್ಸ್. ಗುಜರಾತಿನವರು 147 ರನ್ನಿಗೆ ಎಲ್ಲರೂ ಔಟಾದರು. ಆರ್‌ಸಿಬಿಗೆ ಬೇಕಾದದ್ದು 148. ನಾಯಕ ಫಾಫ್ ಡುಪ್ಲೆಸಿ 23 ಬಾಲಿಗೆ 64 ರನ್ ಬಾರಿಸಿದರು. ಆರನೇ ಓವರಿನಲ್ಲಿ ಮೊದಲ ವಿಕೆಟ್ ಬೀಳುವಾಗ ಆಗಲೇ 92 ರನ್ ಆಗಿತ್ತು. ಇನ್ನೇನು, ನಿದ್ದೆ ಮಾಡಿದರೂ ಗೆಲ್ಲಬಹುದು ಅನ್ನುವ ಹಾಗೆ ಇತ್ತು. ಆಮೇಲೆ ಏನಾಯಿತೋ! ಒಬ್ಬರ ಹಿಂದೆ ಒಬ್ಬರು ಹೊರಟರು. 117 ಆಗುವಷ್ಟರಲ್ಲಿ ಆರು ವಿಕೆಟ್ ಹೋಗಿದ್ದವು. ಬರೀ 25 ರನ್ನಿನ ಒಳಗೆ ಆರು ಮಂದಿ! ಕೊನೆಗೆ ದಿನೇಶ್ ಕಾರ್ತಿಕ್, ಸ್ವಪ್ನಿಲ್ ಸಿಂಗ್ ಇಬ್ಬರೂ ನಿಂತು ದಡ ಮುಟ್ಟಿಸಿದರು. 13.4 ಓವರಿನಲ್ಲಿ 152 ರನ್. ನಾಲ್ಕು ವಿಕೆಟ್ ಗೆಲುವು.

ಹಮಾಲಿ ಅಣ್ಣನ ಸಿಟ್ಟು ಇದಕ್ಕೇ. "ಬೇಕಾದದ್ದು 148. ಓವರ್ ಇಪ್ಪತ್ತು ಐತಿ. ನಿಧಾನಕ್ಕೆ ಒಂದೊಂದು ರನ್ ತಗೊಂಡು ಆಡಿದ್ರೆ ಏನು ಗಂಟು ಹೋಗ್ತಿತ್ತು? ಅವಸರ ಮಾಡಿ ಎಲ್ಲಾ ಕೆಡಿಸಿಕೊಳ್ತಿದ್ರು. ಹಿಂಗೆ ಆಡಿದ್ರೆ ಫೈನಲ್ ಕನಸು ಬಿಟ್ಟುಬಿಡು."

ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದು ಈಗ ಮಗಳ ಮನೆಯಲ್ಲಿರುವ ಅಜ್ಜ ಒಬ್ಬರು ನಮ್ಮಲ್ಲಿ ಓದಲು ಬರುತ್ತಾರೆ. ಅವರು ಯಾವ ಮಾತಿಗೂ ನಮ್ಮೂರ ವಿನಯ್ ಕುಮಾರನನ್ನು ತರುತ್ತಾರೆ. ದಾವಣಗೆರೆ ಎಕ್ಸ್‌ಪ್ರೆಸ್ ಅಂತ ಹೆಸರು ಪಡೆದ ಆ ವಿನಯ್ ಕುಮಾರ್ ನಾಯಕರಾಗಿ ಕರ್ನಾಟಕಕ್ಕೆ 2013-14ರಲ್ಲಿ ಮತ್ತು 2014-15ರಲ್ಲಿ, ಸಾಲಾಗಿ ಎರಡು ಸಲ ರಣಜಿ ಟ್ರೋಫಿ ಗೆದ್ದುಕೊಟ್ಟವರು. ಅಜ್ಜ ಅಂದರು: "ನಮ್ಮ ವಿನಯ ಇದ್ದಾಗ ಹಿಂಗೆ ಗೆದ್ದು ಅಳೋ ಗೆಲುವು ಇರಲಿಲ್ಲ ಬಿಡ್ರಿ."

ಅಜ್ಜನ ಮಾತಿನಲ್ಲಿ ಸ್ವಲ್ಪ ಊರ ಅಭಿಮಾನ ಜಾಸ್ತಿ. ಇರಲಿ.

ಆ ಹೊತ್ತಿಗೆ ಆರ್‌ಸಿಬಿಯ ಸ್ಥಿತಿ ಹೇಗಿತ್ತು ಗೊತ್ತೇ? ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋತಿತ್ತು. ಅದರಲ್ಲಿ ಏಪ್ರಿಲ್ 21ರಂದು ಕೋಲ್ಕತ್ತದಲ್ಲಿ ಸೋತದ್ದು ಒಂದೇ ಒಂದು ರನ್ನಿಂದ. ಆಮೇಲೆ ಸಾಲಾಗಿ ಮೂರು ಗೆದ್ದಿತು. ಈ ಗುಜರಾತ್ ಪಂದ್ಯವೇ ಮೂರನೆಯದು. ಅಂದರೆ 11 ಆಟ, 4 ಗೆಲುವು. ಗೆಲುವಿಗೆ ಎರಡು ಪಾಯಿಂಟಿನ ಲೆಕ್ಕದಲ್ಲಿ 8 ಪಾಯಿಂಟ್. ಒಟ್ಟು ಹತ್ತು ತಂಡ. ಪ್ರತಿ ತಂಡಕ್ಕೂ 14 ಆಟ. ಕೊನೆಗೆ ಮೇಲಿನ ನಾಲ್ಕು ತಂಡಗಳು ಮಾತ್ರ ಮುಂದೆ ಹೋಗುತ್ತವೆ. ಉಳಿದ ಮೂರನ್ನೂ ಗೆದ್ದರೆ ಆರ್‌ಸಿಬಿಗೆ 14 ಪಾಯಿಂಟ್ ಆಗುತ್ತಿತ್ತು. ಆದರೆ ಇನ್ನೊಂದು ತಂಡಕ್ಕೂ 14 ಬಂದರೆ?

ಆಗ ಮಾತಾಡಿದ್ದು ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಅಕ್ಕ. ಅವರು ನಮ್ಮಲ್ಲಿ ಅಕ್ಷರ ಕಲಿತು ಆಗ ಒಂದು ವರ್ಷವಾಗಿತ್ತು. ಪೇಪರ್ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು.

"ಮೇಷ್ಟ್ರೇ, ಇಲ್ಲಿ ಪಾಯಿಂಟಿನ ಪಕ್ಕ ಇನ್ನೊಂದು ಸಾಲು ಐತಿ ನೋಡ್ರಿ. ಒಂದು ಸಣ್ಣ ಗೀಟು, ಸೊನ್ನೆ, ಚುಕ್ಕಿ, ಸೊನ್ನೆ, ನಾಲ್ಕು, ಒಂಬತ್ತು. ಇದೇನು?"

ಎಲ್ಲರೂ ಸುಮ್ಮನಾದರು. ಆಟೋ ತಮ್ಮನಿಗೂ ಅದು ಗೊತ್ತಿರಲಿಲ್ಲ. ಅವನು ದಿನಾ ಪಟ್ಟಿ ನೋಡುತ್ತಿದ್ದ, ಆದರೆ ಆ ಸಾಲನ್ನು ಬಿಟ್ಟು ನೋಡುತ್ತಿದ್ದ.

ಅದರ ಹೆಸರು ನೆಟ್ ರನ್‌ರೇಟ್. ಹೆಸರು ಕೇಳಿ ಹೆದರಬೇಡಿ. ನಾವು ಓವರಿಗೆ ಎಷ್ಟು ರನ್ ಹೊಡೆದೆವು? ಎದುರಿನವರಿಗೆ ಓವರಿಗೆ ಎಷ್ಟು ಕೊಟ್ಟೆವು? ಹೊಡೆದದ್ದರಲ್ಲಿ ಕೊಟ್ಟದ್ದನ್ನು ಕಳೆಯಬೇಕು. ಉಳಿದದ್ದೇ ರನ್‌ರೇಟ್. ಸಂತೆಯಲ್ಲಿ ಮಾರಿ ಬಂದ ದುಡ್ಡಿನಲ್ಲಿ ಹಾಕಿದ ದುಡ್ಡು ಕಳೆಯುವುದಿಲ್ಲವೇ, ಹಾಗೆ. ಮುಂದೆ ಗೀಟು ಇದ್ದರೆ ಅದು ಸಾಲ. ಇಬ್ಬರ ಪಾಯಿಂಟೂ ಸಮ ಆಗಿ, ಗೆದ್ದ ಆಟಗಳೂ ಸಮ ಇದ್ದರೆ ಈ ಸಾಲೇ ತೀರ್ಪು ಕೊಡುತ್ತದೆ.

ಬನ್ನಿ, ಹಿಂದಿನ ರಾತ್ರಿಯ ಲೆಕ್ಕ ಮಾಡೋಣ.

ಗುಜರಾತಿನದು ಸುಲಭ. 147 ರನ್. ಎಲ್ಲರೂ ಔಟಾದರೆ ಪೂರ್ತಿ 20 ಓವರ್ ಆಡಿದರು ಅಂತಲೇ ಲೆಕ್ಕ ಹಿಡಿಯುತ್ತಾರೆ. 147ನ್ನು 20ರಿಂದ ಭಾಗಿಸಿದರೆ 7.35.

ಆರ್‌ಸಿಬಿಯದು 152 ರನ್, 13.4 ಓವರ್. ಹಮಾಲಿ ಅಣ್ಣ ತಮ್ಮ ಮೊಬೈಲಿನಲ್ಲಿ 152ನ್ನು 13.4ರಿಂದ ಭಾಗಿಸಿಬಿಟ್ಟರು. 11.34 ಬಂತು. ಅದು ತಪ್ಪು. ಯಾಕೆ? ಇಲ್ಲಿಯ ಚುಕ್ಕಿ ದಶಾಂಶದ ಚುಕ್ಕಿ ಅಲ್ಲ. 13.4 ಅಂದರೆ ಹದಿಮೂರು ಓವರ್ ಮತ್ತು ನಾಲ್ಕು ಬಾಲು. ಒಂದು ಓವರಿಗೆ ಆರು ಬಾಲು, ಹತ್ತಲ್ಲ. ಆದ್ದರಿಂದ ಮೊದಲು ಎಲ್ಲವನ್ನೂ ಬಾಲು ಮಾಡಬೇಕು. 13ನ್ನು 6ರಿಂದ ಗುಣಿಸಿದರೆ 78. ಅದಕ್ಕೆ 4 ಕೂಡಿದರೆ 82 ಬಾಲು. 152ನ್ನು 82ರಿಂದ ಭಾಗಿಸಿ, ಬಂದದ್ದನ್ನು 6ರಿಂದ ಗುಣಿಸಿ. 11.12 ಬರುತ್ತದೆ.

11.12ರಲ್ಲಿ 7.35 ಕಳೆದರೆ 3.77. ಒಂದೇ ಆಟದಲ್ಲಿ ಓವರಿಗೆ ಮೂರು ಮುಕ್ಕಾಲು ರನ್ನಿನ ಲಾಭ!

ಈಗ ಹಮಾಲಿ ಅಣ್ಣ ಹೇಳಿದ ಹಾಗೆ ನಿಧಾನಕ್ಕೆ ಆಡಿ 19 ಓವರಿನಲ್ಲಿ 148 ಮಾಡಿದ್ದರೆ? 148ನ್ನು 19ರಿಂದ ಭಾಗಿಸಿದರೆ 7.79. ಅದರಲ್ಲಿ 7.35 ಕಳೆದರೆ ಉಳಿಯುವುದು 0.44. ಮೂರು ಮುಕ್ಕಾಲು ಎಲ್ಲಿ, ಅರ್ಧಕ್ಕಿಂತ ಕಡಿಮೆ ಎಲ್ಲಿ! ಪಾಯಿಂಟ್ ಎರಡೇ, ಆದರೆ ಗೆಲುವು ಬೇರೆ ಬೇರೆ.

ನಾವು ಆ ಹೊತ್ತು ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದೆವು. ಕಟ್ಟಿಕೊಟ್ಟದ್ದು ಹಿಂದಿನ ದಿನದ ಪೇಪರಿನಲ್ಲಿ. ಅಕ್ಕ ಎಣ್ಣೆ ಒರೆಸಿ ಅದರಲ್ಲೂ ಪಟ್ಟಿ ಹುಡುಕಿದರು. ಶನಿವಾರ ಆರ್‌ಸಿಬಿಯ ಮುಂದೆ ಗೀಟು 0.415 ಇತ್ತು. ಭಾನುವಾರ ಗೀಟು 0.049. ರೂಪಾಯಿಯಲ್ಲಿ ಹೇಳುವುದಾದರೆ 41 ಪೈಸೆ ಸಾಲ ಇತ್ತು. ಒಂದೇ ರಾತ್ರಿಯಲ್ಲಿ ಅದು ಐದು ಪೈಸೆಗೆ ಇಳಿಯಿತು. (ಇದು ಎಲ್ಲಾ 11 ಆಟಗಳ ರನ್ನೂ ಓವರೂ ಕೂಡಿಸಿ ಮಾಡುವ ಲೆಕ್ಕ. ಒಂದು ಆಟದ ಲೆಕ್ಕ ಬಂದರೆ ಇದೂ ಬರುತ್ತದೆ.)

"ಹಂಗಾದ್ರೆ ಅವಸರ ಮಾಡಿದ್ದೇ ಸರಿ ಅಂತೀರಾ?" ಅಂದರು ಹಮಾಲಿ ಅಣ್ಣ.

"ಅವಸರ ಸರಿ ಅಣ್ಣಾ. ಆದ್ರೆ ಏಳನೇ ವಿಕೆಟ್ಟೂ ಬಿದ್ದಿದ್ರೆ ನೀವು ಹೇಳಿದ್ದೇ ನಿಜ ಆಗ್ತಿತ್ತು" ಅಂದರು ಅಕ್ಕ. ನಮಗೆ ಅಕ್ಕನ ಮಾತೇ ಸರಿ ಅನ್ನಿಸಿತು. ಆರ್‌ಸಿಬಿ ಚೆನ್ನಾಗಿ ಆಡಿ ಗೆಲ್ಲಲಿಲ್ಲ. ಆದರೆ ಯಾವ ಸಾಲ ತೀರಿಸಬೇಕಿತ್ತೋ ಅದನ್ನು ತೀರಿಸಿ ಗೆದ್ದಿತು.

ಎಷ್ಟರಿಂದ ಗೆದ್ದೆವು ಅನ್ನುವ ಲೆಕ್ಕ ಬೇರೆ ಆಟಗಳಲ್ಲೂ ಉಂಟು. ರಣಜಿಯಲ್ಲಿ ಪೂರ್ತಿ ಗೆದ್ದರೆ 6 ಪಾಯಿಂಟ್, ಇನಿಂಗ್ಸ್ ಅಂತರದಿಂದ ಗೆದ್ದರೆ ಮೇಲೊಂದು. ಪ್ರೊ ಕಬಡ್ಡಿಯಲ್ಲಿ ಬಹಳ ವರ್ಷ ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ ಒಂದು ಪಾಯಿಂಟ್ ಸಿಗುತ್ತಿತ್ತು. ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ಅಂತ ಒಂದು ಆಟ ಇದೆ. ಕಬಡ್ಡಿಯ ಹಾಗೆ ಹಿಡಿದು ಕೆಡವುವ ಆಟ, ಕೈಯಲ್ಲಿ ಚೆಂಡು ಬೇರೆ. ಅಲ್ಲೂ ಪಾಯಿಂಟ್ ಸಮ ಆದರೆ ಹೊಡೆದದ್ದು ಎಷ್ಟು, ಬಿಟ್ಟದ್ದು ಎಷ್ಟು ಅಂತ ನೋಡುತ್ತಾರೆ. ಅಲ್ಲಿನವರೂ ಹೀಗೇ ಜಗಳ ಆಡುತ್ತಾರೇನೋ!

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಮುಂದಿನ ವಾರ ಆ ಅಕ್ಕ ಒಂದು ಚೀಟಿ ತಂದರು. ಅದು ಅವರ ಹೆಚ್ಚುವರಿ ಕೆಲಸದ ಕೂಲಿ ಚೀಟಿ. ದಿನಾ 2.30 ಗಂಟೆ, ಗಂಟೆಗೆ 60 ರೂಪಾಯಿ, ದಿನಕ್ಕೆ 138 ರೂಪಾಯಿ ಅಂತ ಬರೆದಿತ್ತು.

"ಮೇಷ್ಟ್ರೇ, ಗಂಟೆಗೆ ಅರವತ್ತು ನಿಮಿಷ, ನೂರಲ್ಲ. ಇದೂ ಓವರಿನ ಚುಕ್ಕಿ ಹಂಗೇ ಅಲ್ಲೇನ್ರಿ?"

ನಾವು ಚೀಟಿ ತಿರುಗಿಸಿ ನೋಡಿದೆವು. ಹೌದು! ಎರಡು ಗಂಟೆ ಮೂವತ್ತು ನಿಮಿಷ ಅಂದರೆ ಎರಡೂವರೆ ಗಂಟೆ. 2.5ನ್ನು 60ರಿಂದ ಗುಣಿಸಿದರೆ 150 ರೂಪಾಯಿ. ಅಲ್ಲಿ ಯಾರೋ 2.3ನ್ನು 60ರಿಂದ ಗುಣಿಸಿ 138 ಮಾಡಿದ್ದರು. ದಿನಕ್ಕೆ 12 ರೂಪಾಯಿ ಕಡಿಮೆ. ತಿಂಗಳಲ್ಲಿ 20 ದಿನ ಹೆಚ್ಚುವರಿ ಕೆಲಸ ಮಾಡಿದರೆ 240 ರೂಪಾಯಿ. ಬೇಕಂತ ಮಾಡಿದರೋ, ತಿಳಿಯದೆ ಮಾಡಿದರೋ, ಹೇಳಲಾರೆವು. ಹಮಾಲಿ ಅಣ್ಣನೂ ಅದೇ ತಪ್ಪು ಮಾಡಿದ್ದರಲ್ಲ! ಅಕ್ಕ ಇನ್ನಿಬ್ಬರು ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗಿ ಲೆಕ್ಕ ತೋರಿಸಿದರು. ಆ ತಿಂಗಳಿಂದ 150 ಬರತೊಡಗಿತು. ಹಿಂದಿನ ತಿಂಗಳುಗಳ ಬಾಕಿ ಮಾತ್ರ ಬರಲಿಲ್ಲ. ಅಕ್ಕ ಅದನ್ನು ಇನ್ನೂ ಕೇಳುತ್ತಲೇ ಇದ್ದಾರೆ.

ಈಗ ಆಟಕ್ಕೆ ಬರೋಣ. ಆರ್‌ಸಿಬಿ ಮೇ 9ರಂದು ಪಂಜಾಬನ್ನು 60 ರನ್ನಿಂದ, ಮೇ 12ರಂದು ಡೆಲ್ಲಿಯನ್ನು 47 ರನ್ನಿಂದ ಸೋಲಿಸಿತು. ಸಾಲಾಗಿ ಐದು ಗೆಲುವು. ಉಳಿದದ್ದು ಒಂದೇ ಆಟ. ಮೇ 18, ಶನಿವಾರ, ಚೆನ್ನೈ ತಂಡದ ಮೇಲೆ. ಚೆನ್ನೈಗೆ ಆಗಲೇ 14 ಪಾಯಿಂಟ್. ನಮಗೆ 12. ಗೆದ್ದರೆ ಇಬ್ಬರೂ ಸಮ. ಅಂದರೆ ಬರೀ ಗೆದ್ದರೆ ಸಾಲದು!

ಅವತ್ತು ಆಟೋ ತಮ್ಮ ದಾವಣಗೆರೆಯಿಂದ ಬಾಡಿಗೆ ಬಿಟ್ಟು ಬೇಗ ಬಂದ. ಅಜ್ಜನ ಮನೆಯ ಟಿವಿ ಮುಂದೆ ಎಲ್ಲರೂ ಕೂತೆವು. ಆರ್‌ಸಿಬಿ 218 ರನ್ ಮಾಡಿತು. ಚೆನ್ನೈ ಗೆಲ್ಲಲು 219 ಬೇಕು. ಆದರೆ ಸೋತರೂ ಮುಂದೆ ಹೋಗಲು 201 ಸಾಕು. ಟಿವಿಯವರು ಹೇಳುವ ಮೊದಲೇ ಅಕ್ಕ ನೋಟ್‌ಬುಕ್ಕಿನ ಹಾಳೆಯಲ್ಲಿ 201 ಅಂತ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ್ದರು.

ಕೊನೆಯ ಓವರ್. ಚೆನ್ನೈಗೆ 17 ರನ್ ಬೇಕು. ಯಶ್ ದಯಾಳ್ ಬೌಲಿಂಗ್. ಮೊದಲ ಬಾಲಿಗೆ ಧೋನಿ ಸಿಕ್ಸರ್ ಹೊಡೆದರು. ಬಾಲು ಕ್ರೀಡಾಂಗಣದ ಹೊರಗೇ ಹೋಯಿತು. ಅಜ್ಜ ಎದ್ದು ಒಳಗೆ ಹೋಗಿಬಿಟ್ಟರು. ಎರಡನೇ ಬಾಲಿಗೆ ಧೋನಿ ಔಟ್! ಉಳಿದ ನಾಲ್ಕು ಬಾಲಿನಲ್ಲಿ ಬಂದದ್ದು ಒಂದೇ ರನ್. ಚೆನ್ನೈ 191ಕ್ಕೆ ನಿಂತಿತು. 27 ರನ್ ಗೆಲುವು. ಅಜ್ಜನನ್ನು ಒಳಗಿಂದ ಎಳೆದು ತಂದೆವು.

ಮರುದಿನ ಪಟ್ಟಿಯಲ್ಲಿ ಆರ್‌ಸಿಬಿ 0.459, ಚೆನ್ನೈ 0.392. ಯಾವುದು ದೊಡ್ಡದು? ಚುಕ್ಕಿಯ ಪಕ್ಕದ ಅಂಕಿ ನೋಡಿ. ಒಂದು ಕಡೆ 4, ಇನ್ನೊಂದು ಕಡೆ 3. ಸುಮಾರು 46 ಪೈಸೆ ಮತ್ತು 39 ಪೈಸೆ. ಬರೀ ಏಳು ಪೈಸೆಯಷ್ಟು ಅಂತರದಲ್ಲಿ ನಾಲ್ಕನೇ ಸ್ಥಾನ ಸಿಕ್ಕಿತು. ಗುಜರಾತ್ ಮೇಲಿನ ಆ "ಕೆಟ್ಟ ಗೆಲುವು" ನಿಧಾನದ್ದಾಗಿದ್ದರೆ ಈ ಏಳು ಪೈಸೆ ಎಲ್ಲಿಂದ ಬರುತ್ತಿತ್ತು? ಹಮಾಲಿ ಅಣ್ಣ ಈಗ ಆ ಗೆಲುವನ್ನು ಬೈಯುವುದಿಲ್ಲ.

ಆದರೆ ಫೈನಲ್ ಆ ವರ್ಷ ಸಿಗಲಿಲ್ಲ. ಮೇ 22ರಂದು ಅಹಮದಾಬಾದಿನಲ್ಲಿ ರಾಜಸ್ಥಾನದ ಎದುರು ನಾಲ್ಕು ವಿಕೆಟ್‌ಗಳಿಂದ ಸೋತು ಆರ್‌ಸಿಬಿ ಹೊರಬಿತ್ತು. ಮುಂದಿನ ವರ್ಷ, 2025ರ ಜೂನ್ 3ರಂದು, ಅದೇ ಊರಿನಲ್ಲಿ ಪಂಜಾಬನ್ನು ಬರೀ ಆರು ರನ್ನಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದಿತು. ಫೈನಲ್ಲಿನಲ್ಲಿ ಎಷ್ಟರಿಂದ ಗೆದ್ದಿರಿ ಅಂತ ಯಾರೂ ಕೇಳುವುದಿಲ್ಲ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಾಗಿ 11 ಜನ ಸತ್ತರು. ಆಟೋ ತಮ್ಮನೂ ಅವತ್ತು ಬೆಂಗಳೂರಿಗೆ ಹೊರಟಿದ್ದ, ಬೆಳಗಿನ ರೈಲು ತಪ್ಪಿತ್ತು. ಅವನು ಆ ವಿಷಯ ಹೆಚ್ಚು ಮಾತಾಡುವುದಿಲ್ಲ. ನಾವೂ ಕೇಳುವುದಿಲ್ಲ.

ಈಗ ನೀವು ಎರಡು ಲೆಕ್ಕ ಮಾಡಿ.

2025ರ ಫೈನಲ್ಲಿನಲ್ಲಿ ಆರ್‌ಸಿಬಿ 20 ಓವರಿಗೆ 190 ರನ್, ಪಂಜಾಬ್ 20 ಓವರಿಗೆ 184 ರನ್ ಮಾಡಿದವು. ಆರ್‌ಸಿಬಿ ಓವರಿಗೆ ಎಷ್ಟು ಹೆಚ್ಚು ಹೊಡೆಯಿತು?

ಒಬ್ಬರು 3.45 ಗಂಟೆ, ಅಂದರೆ ಮೂರು ಗಂಟೆ ನಲವತ್ತೈದು ನಿಮಿಷ ಕೆಲಸ ಮಾಡಿದರು. ಗಂಟೆಗೆ 60 ರೂಪಾಯಿ. ಕೂಲಿ ಎಷ್ಟು ಬರಬೇಕು? ನಿಮ್ಮ ಉತ್ತರ 207 ಬಂದಿದ್ದರೆ ಚುಕ್ಕಿಯನ್ನು ಇನ್ನೊಮ್ಮೆ ನೋಡಿ.