ಬಂದಳಿಕೆ: ಪೊದೆ ಕಿತ್ತರೆ ಸಾಲದು, ಕೊಂಬೆ ಕಡಿಯಿರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಗುಡ್ಡೆಗಳಲ್ಲಿ ಗೇರು, ಮಾವು, ಸಾಗುವಾನಿ ಮರಗಳ ತುದಿ ಒಣಗುತ್ತಿದೆ ಎಂಬ ದೂರು ಮತ್ತೆ ಮತ್ತೆ ಬರುತ್ತಿದೆ. ಹೋಗಿ ನೋಡಿದರೆ ಹಲವು ಕಡೆ ಕೊಂಬೆ ತುಂಬ ಬಂದಳಿಕೆ. ಪಕ್ಕದಲ್ಲೇ ಹಿಂದಿನ ವರ್ಷ ಪೊದೆ ಕಿತ್ತ ಗಂಟು, ಆ ಗಂಟಿನಿಂದಲೇ ಎದ್ದ ಹೊಸ ಚಿಗುರು.

ತಪ್ಪು ಇಲ್ಲೇ. ದೋಟಿಗೆ ಕತ್ತಿ ಕಟ್ಟಿ ಹಸಿರು ಪೊದೆಯನ್ನಷ್ಟೇ ಎಳೆದು ಹಾಕುತ್ತೀರಿ. ಅದರ ಹೀರುಬೇರು ತೊಗಟೆ ದಾಟಿ ಕಟ್ಟಿಗೆಯೊಳಕ್ಕೆ ಇಳಿದಿರುತ್ತದೆ. ತೊಗಟೆಯ ಮೇಲೆ ಹರಿದ ಬೇರುಗಳು ಅಲ್ಲಲ್ಲಿ ಹೊಸ ಗಂಟು ಹಾಕುತ್ತವೆ. ಬಂದಳಿಕೆಗೆ ಎಲೆ ಇದೆ, ಆಹಾರ ತಾನೇ ಮಾಡಿಕೊಳ್ಳುತ್ತದೆ. ಆದರೆ ನೀರು, ಲವಣ ಎಲ್ಲ ಮರದ್ದು. ಗಂಟಿನಿಂದಾಚೆಯ ಕೊಂಬೆ ಸೊರಗುತ್ತದೆ. ಸಾಗುವಾನಿಯ ನೆತ್ತಿ ಹಿಡಿದರೆ ಮರ ಮೇಲೇಳುವುದೇ ಇಲ್ಲ.

ಕಡಿಯುವ ಕ್ರಮ: ಬುಡದ ಕಡೆಗಿರುವ ಕೊನೆಯ ಗಂಟು ಅಥವಾ ಹರಿಬೇರನ್ನು ಹುಡುಕಿ. ಅಲ್ಲಿಂದ ಕಾಂಡದ ಕಡೆಗೆ ಕನಿಷ್ಠ 1 ಅಡಿ ಬಿಟ್ಟು ಕೊಂಬೆಯನ್ನೇ ಗರಗಸದಿಂದ ಕೊಯ್ಯಿರಿ. ದಪ್ಪ ಕೊಂಬೆಯಾದರೆ ಮೊದಲು ಕೆಳಗಿನಿಂದ ಕಾಲುಭಾಗ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಿರಿ; ತೊಗಟೆ ಸೀಳದು. ಕಾಂಡದ ಮೇಲೇ ಹಿಡಿದಿದ್ದರೆ ಉಳಿಯಿಂದ ಗಂಟನ್ನು ಬೇರುಸಮೇತ ಕೆತ್ತಿ ತೆಗೆಯಿರಿ.

ಗಾಯಕ್ಕೆ ಅಂದೇ ಬೋರ್ಡೊ ಮುಲಾಮು ಹಚ್ಚಿ: ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ, ನೀರು 1 ಲೀಟರ್. ಅಡಿಕೆಗೆ ಸಿಂಪಡಿಸಿ ಉಳಿದ ಶೇ. 1ರ ದ್ರಾವಣ ಬಳಿದು ಕೈತೊಳೆದುಕೊಳ್ಳಬೇಡಿ. ಮುಲಾಮು ಅದಕ್ಕಿಂತ ಹತ್ತು ಪಟ್ಟು ಗಟ್ಟಿ ಇರಬೇಕು. ಗೇರಿನ ಗಾಯ ತೆರೆದಿಟ್ಟರೆ ಕಾಂಡಕೊರಕವನ್ನು ಕರೆದಂತೆ.

ಹತ್ತಲಾಗದ ಸಾಗುವಾನಿಗೆ ಮಾತ್ರ, ಅದೂ ಎಲೆ ಪೂರ್ತಿ ಉದುರಿದಾಗ, ಸಾಬೂನು ನೀರಿನಲ್ಲಿ ಚೆನ್ನಾಗಿ ಕಲಕಿದ ಶೇ. 30ರಿಂದ 40ರ ಡೀಸೆಲ್ ಮಿಶ್ರಣವನ್ನು ಬಂದಳಿಕೆ ಎಲೆಗಷ್ಟೇ ಸಿಂಪಡಿಸಬಹುದು. ಬರಿ ಡೀಸೆಲ್ ಸುರಿದರೆ ಕೊಂಬೆಯೇ ಸಾಯುತ್ತದೆ. 2,4-ಡಿ ಕಳೆನಾಶಕ ಕೇಳಬೇಡಿ. ಪಕ್ಕದಲ್ಲಿ ಕಾಳುಮೆಣಸು, ಕೊಕ್ಕೋ ಇರುವ ತೋಟಕ್ಕೆ ನಾನದನ್ನು ಹೇಳುವುದಿಲ್ಲ.

ಸಾಗುವಾನಿ ಬೋಳಾಗುವ ಜನವರಿ–ಫೆಬ್ರವರಿಯಲ್ಲಿ ಹಸಿರು ಪೊದೆ ನೆಲದಿಂದಲೇ ಕಾಣುತ್ತದೆ. ಕಂಡ ಕೂಡಲೇ ಕಡಿಯಿರಿ, ಹಣ್ಣಾಗಲು ಬಿಡಬೇಡಿ. ಹಣ್ಣು ತಿಂದ ಬದನಿಕೆ ಹಕ್ಕಿ ಅಂಟುಬೀಜವನ್ನು ಮುಂದಿನ ಕೊಂಬೆಗೆ ಒರೆಸಿ ಹೋಗುತ್ತದೆ. ಹಕ್ಕಿಯ ಮೇಲೆ ಕಲ್ಲು ಬೀಸಿ ಪ್ರಯೋಜನವಿಲ್ಲ. "ಗೇರು ಹೂ ಬಿಟ್ಟಿದೆ, ಕೊಯ್ಲು ಮುಗಿಯಲಿ" ಎಂದು ಕಾಯುವವರು ಒಂದು ಕೊಂಬೆಯ ಬೀಜದಾಸೆಗೆ ಇಡೀ ಮರ ಕಳೆದುಕೊಳ್ಳುತ್ತಾರೆ.

ವಿದ್ಯುತ್ ತಂತಿ ಹತ್ತಿರವಿದ್ದರೆ ಲೈನ್ ಆಫ್ ಮಾಡಿಸದೆ ದೋಟಿ ಎತ್ತಬೇಡಿ. ಕಡಿದ ಸೊಪ್ಪು ಆಡಿಗೆ ಹಾಕಿ. ಸಹಾಯಧನದ ದಾರಿ ಕಾಯಬೇಡಿ. ಬೇಕಾದದ್ದು ಒಂದು ಗರಗಸ ಮತ್ತು ಮುಲಾಮು. ಮೊದಲೇ ಅಂಟಿದ ಬೀಜಗಳು ಮೊಳೆಯುವುದರಿಂದ ಮುಂದಿನ ಎರಡು ವರ್ಷವೂ ಅದೇ ಮರಗಳನ್ನು ನೋಡಿ. ಬೇಲಿಯಾಚೆಯವರೂ ಅದೇ ತಿಂಗಳು ಕಡಿಯುವಂತೆ ಮಾತಾಡಿಕೊಳ್ಳಿ. ಕುಮ್ಕಿಯ ಗಡಿ ಹಕ್ಕಿಗೆ ಗೊತ್ತಿಲ್ಲ.